ಸಿಂಥಿಯಾ ಲಮ್ಮಿಸ್ ಮತ್ತು ಕ್ರಿಪ್ಟೋ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಲಮ್ಮಿಸ್?

ಅಮೆರಿಕದ ವಯೋಮಿಂಗ್ ರಾಜ್ಯದ ರಿಪಬ್ಲಿಕನ್ ಸೆನೆಟರ್. ಹುಟ್ಟಿದ್ದು 1954ರಲ್ಲಿ, ಶೈಯೆನ್ ಊರಲ್ಲಿ, ದನ ಸಾಕೋ ಮನೆತನ. ಓದಿದ್ದು ಮೊದಲು ಪಶುವಿಜ್ಞಾನ, ಆಮೇಲೆ ಜೀವಶಾಸ್ತ್ರ, ಅದೂ ಸಾಲದು ಅಂತ ಲಾ, ಮೂರೂ ವಯೋಮಿಂಗ್ ಯೂನಿವರ್ಸಿಟಿಲೇ. 24ನೇ ವಯಸ್ಸಿಗೇ ರಾಜ್ಯದ ಶಾಸನಸಭೆಗೆ ಗೆದ್ದವರು. 1999ರಿಂದ 2007ರವರೆಗೆ ರಾಜ್ಯದ ಖಜಾಂಚಿ, 2009ರಿಂದ 2017ರವರೆಗೆ ವಾಷಿಂಗ್ಟನ್‌ನ ಹೌಸ್‌ನಲ್ಲಿ (ನಮ್ಮ ಲೋಕಸಭೆ ಥರದ ಕೆಳಮನೆ), 2021ರ ಜನವರಿಯಿಂದ ಸೆನೆಟ್‌ನಲ್ಲಿ. ಆ ರಾಜ್ಯದಿಂದ ಸೆನೆಟ್ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ಇವರೇ.

ಇದರಲ್ಲಿ ಖಜಾಂಚಿ ಅನ್ನೋ ಒಂದು ಪದ ಮಾತ್ರ ನೆನಪಿಟ್ಕೊಳ್ಳಿ, ಮಿಕ್ಕಿದ್ದೆಲ್ಲಾ ಮರೆತ್ರೂ ನಡೆಯುತ್ತೆ. ಯಾಕೆ ಅಂತ ಕೆಳಗೆ ಬರುತ್ತೆ.

ದನ ಸಾಕೋ ಮನೆಯ ಹೆಂಗಸಿಗೆ ಬಿಟ್‌ಕಾಯಿನ್ ಹುಚ್ಚು ಹೆಂಗೆ ಹತ್ತಿತು?

ಅಳಿಯನಿಂದ. ಮಗಳ ಗಂಡ ಬಿಟ್‌ಕಾಯಿನ್ ಬಗ್ಗೆ ಹೇಳಿ ಹೇಳಿ, 2013ರಲ್ಲಿ ಮೊದಲ ಸಲ ತಗೊಂಡ್ರು, ಆಗ ಒಂದರ ಬೆಲೆ 300 ಡಾಲರ್ ಚಿಲ್ಲರೆ. ಇದು ಅವರೇ ಎಲ್ಲಾ ಕಡೆ ಹೇಳ್ಕೊಂಡು ಬಂದಿರೋ ಕಥೆ.

ಆದ್ರೆ ಅಳಿಯ ಹೇಳಿದ್ದು ತಲೆಗೆ ಹೋಗಿದ್ದು ಯಾಕೆ ಅನ್ನೋದೇ ಮುಖ್ಯ. ವಯೋಮಿಂಗ್‌ನಲ್ಲಿ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ತೆಗೀತಾರೆ, ತೆಗೆದಾಗ ರಾಜ್ಯ ಅದರ ಮೇಲೆ ತೆರಿಗೆ ಹಾಕುತ್ತೆ, ಆ ತೆರಿಗೆಯ ಒಂದು ಪಾಲು ಮಿನರಲ್ ಟ್ರಸ್ಟ್ ಫಂಡ್ ಅನ್ನೋ ಹುಂಡಿಗೆ ಹೋಗುತ್ತೆ. ಆ ಹುಂಡಿಯ ಅಸಲನ್ನ ಯಾರೂ ಮುಟ್ಟಂಗಿಲ್ಲ, ಅದು ರಾಜ್ಯದ ಸಂವಿಧಾನದಲ್ಲೇ ಇದೆ, ಬರೋ ಆದಾಯ ಮಾತ್ರ ಖರ್ಚಿಗೆ. ಎಂಟು ವರ್ಷ ಆ ಗಂಟು ಕಾದವರು ಇವರು. ಗಣಿ ಖಾಲಿಯಾದ ಮೇಲೂ ದುಡ್ಡು ಬೆಲೆ ಕಳ್ಕೋಬಾರದು, ಅದಕ್ಕೆ ಎಲ್ಲಿಡೋದು ಅನ್ನೋದೇ ಆಗ ಅವರ ತಲೆನೋವು. ಒಟ್ಟು 2.1 ಕೋಟಿಗಿಂತ ಜಾಸ್ತಿ ಹುಟ್ಟೋಕೇ ಆಗದ ನಾಣ್ಯ ಅಂತ ಕಿವಿಗೆ ಬಿದ್ದಾಗ ಬೇರೆಯವರಿಗೆ ಜೂಜು ಕಂಡಿರಬಹುದು, ಇವರಿಗೆ ಕಂಡಿದ್ದು ತಿಜೋರಿ. ಅವರು ಬರೆದ ಒಂದೊಂದು ಬಿಲ್ಲಿನಲ್ಲೂ ಈ ಬುದ್ಧಿ ಕಾಣುತ್ತೆ, ಇಡೋದು, ಕಾಯೋದು, ಲೆಕ್ಕ ತೋರಿಸೋದು. ನನ್ನ ಪ್ರಕಾರ ಇವರು ಕ್ರಿಪ್ಟೋ ಸೆನೆಟರ್ ಅಲ್ಲ, ಬಿಟ್‌ಕಾಯಿನ್ ಇಟ್ಕೊಂಡ ಖಜಾಂಚಿ.

ಕಣ್ಣಿಂದ ಕೆಂಪು ಲೇಸರ್ ಬರೋ ಫೋಟೋ ನಿಜಾನಾ?

ನಿಜ. 2021ರಲ್ಲಿ ಬಿಟ್‌ಕಾಯಿನ್ ಮಂದಿಯೆಲ್ಲಾ ಪ್ರೊಫೈಲ್ ಫೋಟೋಗೆ ಲೇಸರ್ ಕಣ್ಣು ಹಾಕ್ಕೊಳ್ತಿದ್ದಾಗ ಸೆನೆಟರಮ್ಮನೂ ಹಾಕ್ಕೊಂಡಿದ್ರು. 66 ವಯಸ್ಸಾಗಿತ್ತು ಆಗ. ಇದಕ್ಕಿಂತ ಜಾಸ್ತಿ ಹೇಳೋದೇನಿಲ್ಲ.

ವಯೋಮಿಂಗ್ ಕ್ರಿಪ್ಟೋ ರಾಜ್ಯ ಆಗಿದ್ದು ಇವರಿಂದಾನಾ?

ಅಲ್ಲ, ಇಲ್ಲಿ ಬಹಳ ಜನ ಕ್ರೆಡಿಟ್ ತಪ್ಪು ಲೆಕ್ಕಕ್ಕೆ ಬರೀತಾರೆ. ಕ್ರಿಪ್ಟೋ ಇಟ್ಕೊಳ್ಳೋಕೆ ಅಂತಾನೇ ಬೇರೆ ಥರದ ಬ್ಯಾಂಕ್ ಲೈಸೆನ್ಸ್ ಕೊಡೋ ಕಾನೂನನ್ನ ರಾಜ್ಯ ಮಾಡಿದ್ದು 2019ರಲ್ಲಿ, ಆಗ ಲಮ್ಮಿಸ್ ಯಾವ ಕುರ್ಚಿಲೂ ಇರಲಿಲ್ಲ. 2021ರಲ್ಲಿ ಡಿಎಒಗಳನ್ನ, ಅಂದ್ರೆ ಕೋಡ್ ಮೇಲೆ ನಡೆಯೋ ಸಂಘಗಳನ್ನ, ಎಲ್‌ಎಲ್‌ಸಿ ಅನ್ನೋ ಥರದ ಕಂಪನಿ ಅಂತ ನೋಂದಾಯಿಸೋಕೆ ಬಿಟ್ಟಿದ್ದೂ ರಾಜ್ಯದ ಶಾಸನಸಭೆನೇ. ಆ ರಾಜ್ಯದಲ್ಲಿ ಆಗಿದ್ದನ್ನ ವಾಷಿಂಗ್ಟನ್‌ಗೆ ಹೊತ್ಕೊಂಡು ಹೋಗಿದ್ದು ಇವರ ಕೆಲಸ.

ಹೊತ್ಕೊಂಡು ಹೋದದ್ದೆಲ್ಲಾ ಅಲ್ಲಿ ಇಳಿಸ್ಕೊಂಡ್ರು ಅಂತೇನಿಲ್ಲ. ಆ ಹೊಸ ಲೈಸೆನ್ಸ್ ತಗೊಂಡ ಕಸ್ಟೋಡಿಯಾ ಅನ್ನೋ ಬ್ಯಾಂಕು 2020ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನಲ್ಲಿ (ಚಿಕ್ಕದಾಗಿ ಫೆಡ್) ನೇರ ಖಾತೆ ಬೇಕು ಅಂತ ಅರ್ಜಿ ಹಾಕ್ತು, ಎರಡು ವರ್ಷ ಚಿಲ್ಲರೆ ಕಾಯಿಸಿ 2023ರ ಜನವರಿಯಲ್ಲಿ ಫೆಡ್ ಆಗಲ್ಲ ಅಂತು. ರಾಜ್ಯ ಬ್ಯಾಂಕ್ ಅಂತ ಒಪ್ಪಿದ್ದನ್ನ ಒಪ್ಪಲ್ಲ ಅನ್ನೋಕೆ ಫೆಡ್ ಯಾರು ಅನ್ನೋದು ಲಮ್ಮಿಸ್ ವಾದ. ಕೋರ್ಟ್ ಒಪ್ಪಲಿಲ್ಲ, 2025ರ ಅಕ್ಟೋಬರ್ ಕೊನೆಗೆ ಅಪೀಲಿನಲ್ಲೂ ಫೆಡ್ ಕಡೆಗೇ ತೀರ್ಪು ಬಂತು.

2021ರ ತಿದ್ದುಪಡಿ ಗಲಾಟೆ ಅಂತಾರಲ್ಲ, ಏನದು?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸೆನೆಟ್ ಹೆಂಗೆ ನಡೆಯುತ್ತೆ ಅಂತ ಗೊತ್ತಾಗೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ರಸ್ತೆ, ಸೇತುವೆ, ಇಂಟರ್ನೆಟ್ ಲೈನಿಗೆ ಅಂತ ದೊಡ್ಡದೊಂದು ಬಿಲ್ ಬಂದಿತ್ತು. ಅದಕ್ಕೆ ದುಡ್ಡು ಹೊಂದಿಸೋಕೆ ಒಳಗೊಂದು ಕಲಂ ಸೇರಿಸಿದ್ರು: ಕ್ರಿಪ್ಟೋ ಬ್ರೋಕರ್‌ಗಳು ಗ್ರಾಹಕರ ವ್ಯವಹಾರವನ್ನ ತೆರಿಗೆ ಇಲಾಖೆಗೆ ವರದಿ ಮಾಡಬೇಕು, ಇದರಿಂದ ಹತ್ತು ವರ್ಷಕ್ಕೆ 28 ಬಿಲಿಯನ್ ಡಾಲರ್ ಬರುತ್ತೆ ಅನ್ನೋ ಅಂದಾಜು. ಸರಿ, ಎಕ್ಸ್‌ಚೇಂಜ್, ಅಂದ್ರೆ ಕ್ರಿಪ್ಟೋ ಕೊಂಡು ಮಾರೋ ಸಂತೆ, ನಡೆಸೋರು ಕೊಡ್ಲಿ. ಆದ್ರೆ ಬ್ರೋಕರ್ ಅನ್ನೋ ಪದಕ್ಕೆ ಕೊಟ್ಟ ಅರ್ಥ ಎಷ್ಟು ಅಗಲ ಇತ್ತು ಅಂದ್ರೆ, ಮೈನಿಂಗ್ ಮಾಡೋನು (ಕಂಪ್ಯೂಟರ್ ಓಡಿಸಿ ಹೊಸ ಕಾಯಿನ್ ಹುಟ್ಟಿಸೋನು), ಕಾಯಿನ್ ಇಟ್ಕೊಳ್ಳೋ ವ್ಯಾಲೆಟ್ ಸಾಫ್ಟ್‌ವೇರ್ ಬರೆಯೋನು, ಎಲ್ಲರೂ ಅದರೊಳಗೆ ಬೀಳ್ತಿದ್ರು. ಮೈನಿಂಗ್ ಮಾಡೋನಿಗೆ ಗ್ರಾಹಕರೇ ಇರಲ್ಲ, ಇನ್ನು ಯಾರ ಹೆಸರು ಬರ್ಕೊಡ್ತಾನೆ?

ಲಮ್ಮಿಸ್, ಒರೆಗಾನ್‌ನ ಡೆಮೋಕ್ರಾಟ್ ರಾನ್ ವೈಡನ್, ಪೆನ್ಸಿಲ್ವೇನಿಯಾದ ಪ್ಯಾಟ್ ಟೂಮಿ ಮೂರೂ ಜನ ಸೇರಿ ಇದನ್ನ ಸರಿಮಾಡೋ ತಿದ್ದುಪಡಿ ತಂದ್ರು. ಎದುರಿಗೆ ಇನ್ನೊಂದು ಗುಂಪು ಬೇರೆ ತಿದ್ದುಪಡಿ ತಂತು. ಎಳೆದಾಡಿ ಕೊನೆಗೊಂದು ರಾಜಿ ಆಯ್ತು. ಆದ್ರೆ ಅಷ್ಟೊತ್ತಿಗೆ ಟೈಮ್ ಮುಗಿದಿತ್ತು, ಉಳಿದಿದ್ದು ಒಂದೇ ದಾರಿ, ಸರ್ವಾನುಮತ. ಸಭೆಯಲ್ಲಿ ಒಬ್ಬರೂ ಬೇಡ ಅನ್ನಬಾರದು.

ಆಗಸ್ಟ್ 9, ಸೋಮವಾರ. ಟೂಮಿ ಎದ್ದು ನಿಂತು ಕೇಳಿದ್ರು. ಅಲಬಾಮಾದ ರಿಚರ್ಡ್ ಶೆಲ್ಬಿ ಎದ್ರು, ನನ್ನದೂ ಒಂದು ಸೇರಿಸಿ, ಮಿಲಿಟರಿಗೆ 50 ಬಿಲಿಯನ್ ಡಾಲರ್, ಆಮೇಲೆ ಒಪ್ಕೋತೀನಿ ಅಂದ್ರು. ಮಿಲಿಟರಿಗೆ ದುಡ್ಡು ಅಂದ ಕೂಡ್ಲೇ ಬರ್ನಿ ಸ್ಯಾಂಡರ್ಸ್ ಆಗಲ್ಲ ಅಂದ್ರು. ನಂದು ಬೇಡ ಅಂದ್ರೆ ಇದೂ ಬೇಡ ಅಂತ ಶೆಲ್ಬಿ ಕೂತ್ರು. ಮುಗೀತು. ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ ಹಂಗೆ. ಕ್ರಿಪ್ಟೋ ಬಗ್ಗೆ ಅವರಿಬ್ಬರಲ್ಲಿ ಒಬ್ಬರೂ ತಕರಾರು ಮಾಡಲೇ ಇಲ್ಲ ಅನ್ನೋದು ಇದರ ತಮಾಷೆ. ಮಾರನೇ ದಿನ ಬಿಲ್ 69-30ರಲ್ಲಿ ಪಾಸಾಯ್ತು, ಲಮ್ಮಿಸ್ ವಿರುದ್ಧ ವೋಟ್ ಹಾಕಿದ್ರು, ನವೆಂಬರ್ 15ಕ್ಕೆ ಆ ಬ್ರೋಕರ್ ಕಲಂ ಸಮೇತ ಕಾನೂನಾಯ್ತು.

ಕ್ರಿಪ್ಟೋ ಷೇರೋ ಸರಕೋ ಅಂತ ಯಾಕಿಷ್ಟು ಜಗಳ? ಲಮ್ಮಿಸ್ ಏನಂತಾರೆ?

ಷೇರಿನ ಥರ ಅಂದ್ರೆ ಷೇರು ಮಾರುಕಟ್ಟೆ ಕಾಯೋ ಇಲಾಖೆ ಎಸ್‌ಇಸಿ ನೋಡ್ಕೊಳ್ಳುತ್ತೆ, ರೂಲ್ಸು ಬಿಗಿ. ಗೋಧಿ, ಎಣ್ಣೆ ಥರ ಸರಕು ಅಂದ್ರೆ ಸರಕಿನ ವಾಯಿದೆ ವ್ಯಾಪಾರ ಕಾಯೋ ಸಿಎಫ್‌ಟಿಸಿ, ಅದು ಚಿಕ್ಕ ಆಫೀಸು, ಕೈ ಸ್ವಲ್ಪ ಸಡಿಲ. ಎರಡೂ ಒಂದೇ ಸರ್ಕಾರದ್ದು, ಆದ್ರೆ ಎತ್ತು ಏರಿಗೆ ಕೋಣ ನೀರಿಗೆ.

ಇದರ ಮೂಲ 1946ರ ಹೋವಿ ಕೇಸು. ಫ್ಲಾರಿಡಾದಲ್ಲಿ ಹೋವಿ ಕಂಪನಿಯೋರು ಕಿತ್ತಳೆ ತೋಟದ ತುಂಡು ಮಾರ್ತಿದ್ರು, ಜೊತೆಗೆ ನೀವು ಏನೂ ಮಾಡಬೇಡಿ ನಾವೇ ಬೆಳೆದು ಮಾರಿ ಲಾಭ ಕೊಡ್ತೀವಿ ಅಂತ ಕರಾರು. ಸುಪ್ರೀಂ ಕೋರ್ಟ್ ಹೇಳ್ತು, ಇದು ಜಮೀನು ಮಾರಾಟ ಅಲ್ಲಪ್ಪ, ಹೂಡಿಕೆ, ಷೇರಿನ ಕಾನೂನೇ ಇದಕ್ಕೂ ಅಂತ. ಬೇರೆಯವರ ದುಡಿಮೆಯಿಂದ ನಿಮಗೆ ಲಾಭ ಬರೋದಿದ್ರೆ ಅದು ಹೂಡಿಕೆ ಕರಾರು, ಇವತ್ತಿಗೂ ಅದೇ ಅಳತೆಗೋಲು.

ಲಮ್ಮಿಸ್ ಹಿಡಿಯೋ ಪಾಯಿಂಟ್ ಏನಂದ್ರೆ, ಕರಾರು ಹೂಡಿಕೆ ಆಗಿರಬಹುದು, ಅದಕ್ಕೆ ಕಿತ್ತಳೆ ಹಣ್ಣೇ ಷೇರು ಆಗ್ಬಿಡುತ್ತಾ? ಹಣ್ಣು ಹಣ್ಣೇ. ಹಂಗೆ, ಒಂದು ಕಂಪನಿ ದುಡ್ಡೆತ್ತೋಕೆ ಟೋಕನ್ (ತಾನೇ ಹೊರಡಿಸೋ ಕ್ರಿಪ್ಟೋ ನಾಣ್ಯ) ಮಾರಿದಾಗ ಆ ಮಾರಾಟ ಎಸ್‌ಇಸಿ ಕೆಳಗೆ ಬರ್ಲಿ, ಕಂಪನಿ ಆರು ತಿಂಗಳಿಗೊಮ್ಮೆ ವಿವರ ಕೊಡ್ಲಿ, ಆದ್ರೆ ಕೈಯಿಂದ ಕೈಗೆ ಓಡಾಡೋ ಟೋಕನ್ ಸರಕು, ಅದು ಸಿಎಫ್‌ಟಿಸಿಗೆ. ಇದಕ್ಕೆ ಅವರ ಬಿಲ್ಲಿನಲ್ಲಿರೋ ಹೆಸರು ಆನ್ಸಿಲರಿ ಅಸೆಟ್, ಜೊತೆಗೆ ಬಂದ ಆಸ್ತಿ ಅಂತ ಅರ್ಥ ಮಾಡ್ಕೊಳ್ಳಿ. ವಾದ ಜಾಣತನದ್ದೇ. ಆದ್ರೆ ಕಿತ್ತಳೆ ತಿನ್ನೋಕಾದ್ರೂ ಆಗುತ್ತೆ, ಅರ್ಧಕ್ಕರ್ಧ ಟೋಕನ್‌ಗಳು ಹಿಂದಿರೋ ಕಂಪನಿ ಮುಚ್ಚಿದ ದಿನ ಏನಕ್ಕೂ ಬರಲ್ಲ, ಅಲ್ಲಿ ಈ ಹೋಲಿಕೆ ಸ್ವಲ್ಪ ಕುಂಟುತ್ತೆ ಅಂತ ನನಗನ್ಸುತ್ತೆ.

ಗ್ಯಾರಿ ಗೆನ್ಸ್ಲರ್ ಜೊತೆ ಜಗಳ ಇದೇ ವಿಷಯಕ್ಕಾ?

ಹೌದು. ಗೆನ್ಸ್ಲರ್ 2021ರಿಂದ 2025ರ ಜನವರಿವರೆಗೆ ಎಸ್‌ಇಸಿ ಮುಖ್ಯಸ್ಥ, ಹೆಚ್ಚುಕಮ್ಮಿ ಎಲ್ಲಾ ಟೋಕನ್ನೂ ಷೇರೇ ಅನ್ನೋ ಪಕ್ಷ. ರೂಲ್ಸ್ ಬರೆಯದೆ ಕೇಸ್ ಹಾಕ್ಕೊಂಡೇ ಹೋದ್ರೆ ಅದನ್ನ ಆಡಳಿತ ಅಂತಾರಾ ಅನ್ನೋದು ಲಮ್ಮಿಸ್ ಪ್ರಶ್ನೆ. 2023ರ ಜೂನ್‌ನಲ್ಲಿ ಎಸ್‌ಇಸಿ ಕಾಯಿನ್‌ಬೇಸ್ ಅನ್ನೋ ಎಕ್ಸ್‌ಚೇಂಜ್ ಮೇಲೆ ಕೇಸ್ ಹಾಕಿದಾಗ ಇವರು ಆಗಸ್ಟ್‌ನಲ್ಲಿ ಕೋರ್ಟಿಗೆ ತಮ್ಮದೇ ಒಂದು ಅಭಿಪ್ರಾಯ ಸಲ್ಲಿಸಿದ್ರು, ಕಾನೂನು ಮಾಡೋದು ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಕೆಲಸ, ಇಲಾಖೆದಲ್ಲ ಅಂತ. ಜಡ್ಜ್ ಒಪ್ಪದೆ ಕೇಸಿನ ದೊಡ್ಡ ಭಾಗ ಮುಂದುವರೆಸಿದ್ರು. ಆಮೇಲೆ ಸರ್ಕಾರ ಬದಲಾಗಿ 2025ರ ಫೆಬ್ರವರಿಯಲ್ಲಿ ಎಸ್‌ಇಸಿನೇ ಕೇಸ್ ಕೈಬಿಡ್ತು. ಅಂದ್ರೆ ವಾದದಲ್ಲಿ ಗೆದ್ದಿದ್ದಲ್ಲ, ಎಲೆಕ್ಷನ್‌ನಲ್ಲಿ ಗೆದ್ದಿದ್ದು.

ಲಮ್ಮಿಸ್-ಗಿಲ್ಲಿಬ್ರಾಂಡ್ ಬಿಲ್ ಏನಾಯ್ತು?

ಪಾಸಾಗಲಿಲ್ಲ. ನ್ಯೂಯಾರ್ಕ್‌ನ ಡೆಮೋಕ್ರಾಟ್ ಕರ್ಸ್ಟನ್ ಗಿಲ್ಲಿಬ್ರಾಂಡ್ ಜೊತೆ ಸೇರಿ 2022ರ ಜೂನ್ 7ಕ್ಕೆ ಮಂಡಿಸಿದ್ರು, 69 ಪುಟ, ತೆರಿಗೆ, ಸ್ಟೇಬಲ್‌ಕಾಯಿನ್ (ಬೆಲೆ ಸಾಮಾನ್ಯವಾಗಿ ಒಂದು ಡಾಲರ್‌ಗೆ ಕಟ್ಟಿಟ್ಟ ಕಾಯಿನ್), ಬ್ರೋಕರ್ ಅನ್ನೋದರ ಅರ್ಥ, ಎಸ್‌ಇಸಿ-ಸಿಎಫ್‌ಟಿಸಿ ಗಡಿ, ಡಿಎಒ, ಎಲ್ಲಾ ಒಂದೇ ಬುಟ್ಟೀಲಿ. ಎಲ್ಲಾನೂ ಒಂದೇ ಬುಟ್ಟೀಲಿ ಹಾಕಿದ್ದೇ ತಪ್ಪಾಯ್ತೇನೋ, ತೆರಿಗೆ ಒಂದು ಕಮಿಟಿಗೆ, ಬ್ಯಾಂಕಿಂಗ್ ಇನ್ನೊಂದಕ್ಕೆ, ಸಿಎಫ್‌ಟಿಸಿ ಕೃಷಿ ಕಮಿಟಿಗೆ (ಹೌದು, ಕೃಷಿ, ಸರಕು ಅಂದ್ರೆ ಅಲ್ಲಿ ಮೊದಲಿಂದ ಗೋಧಿ ಜೋಳ ತಾನೇ), ಹಿಂಗೆ ಯಾರ ಮನೆಯದೂ ಅಲ್ಲದ ಮಗು ಆಯ್ತು.

ಆರು ತಿಂಗಳೂ ಆಗಲಿಲ್ಲ, ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಅನ್ನೋ ದೊಡ್ಡ ಎಕ್ಸ್‌ಚೇಂಜ್ ದಿವಾಳಿ ಬಿತ್ತು. ಅದಾದ್ಮೇಲೆ 2023ರ ಜುಲೈನಲ್ಲಿ ಮತ್ತೆ ತಂದಾಗ ಬಿಲ್ ಬಿಗಿಯಾಗಿತ್ತು: ಎಕ್ಸ್‌ಚೇಂಜ್ ತನ್ನ ಹತ್ರ ಗ್ರಾಹಕರ ಕಾಯಿನ್ ನಿಜವಾಗ್ಲೂ ಇದೆ ಅಂತ ಸಾಬೀತು ಮಾಡಬೇಕು, ಗ್ರಾಹಕರ ಆಸ್ತಿ ಬೇರೆ ಇಡಬೇಕು ಅಂತೆಲ್ಲಾ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ ಅಂತ ಆಡ್ಕೊಂಡೋರೂ ಇದ್ರು. ಪೂರ್ತಿ ನ್ಯಾಯ ಅಲ್ಲ ಅದು, ಸ್ಟೇಬಲ್‌ಕಾಯಿನ್‌ಗೆ ಪೂರಾ ಮೀಸಲು ಅನ್ನೋ ಮಾತು ಮೊದಲ ಬಿಲ್ಲಿನಲ್ಲೇ ಇತ್ತು. ಅದೂ ಪಾಸಾಗಲಿಲ್ಲ.

ಹಾಗಾದ್ರೆ ಅವರ ಹೆಸರಲ್ಲಿ ಒಂದೂ ಕಾನೂನಿಲ್ವಾ?

ಅವರೇ ಮುಂದೆ ನಿಂತು ತಂದ ಕ್ರಿಪ್ಟೋ ಬಿಲ್ ಒಂದೂ ಕಾನೂನಾಗಿಲ್ಲ, ಇದು ಕಹಿ ಸತ್ಯ. ಆದ್ರೆ ಅವರ ಬಿಲ್ಲುಗಳು ಹಳೇ ಗಾಡಿ ಇದ್ದಂಗೆ, ಗಾಡಿ ಓಡಲಿಲ್ಲ, ಸ್ಪೇರ್ ಪಾರ್ಟ್ಸ್ ಎಲ್ಲಾ ಬೇರೆಯವರ ಗಾಡಿಗೆ ಹೋಯ್ತು.

ದೊಡ್ಡ ಉದಾಹರಣೆ ಜೀನಿಯಸ್ ಆಕ್ಟ್, ಅಂದ್ರೆ ಸ್ಟೇಬಲ್‌ಕಾಯಿನ್ ಕಾನೂನು. 2022ರ ಮೇನಲ್ಲಿ ಟೆರಾಯುಎಸ್‌ಡಿ ಅನ್ನೋ ಕಾಯಿನ್, ಹಿಂದೆ ನಿಜವಾದ ಡಾಲರ್ ಇಲ್ಲದೆ ಬರೀ ಲೆಕ್ಕಾಚಾರದ ಮೇಲೆ ಒಂದು ಡಾಲರ್ ಬೆಲೆ ಹಿಡ್ಕೊಂಡಿದ್ದು, ಕೆಲವೇ ದಿನದಲ್ಲಿ ನೆಲಕಚ್ಚಿತು. 2024ರ ಏಪ್ರಿಲ್‌ನಲ್ಲಿ ಲಮ್ಮಿಸ್, ಗಿಲ್ಲಿಬ್ರಾಂಡ್ ಬರೀ ಸ್ಟೇಬಲ್‌ಕಾಯಿನ್‌ಗೆ ಅಂತ ಒಂದು ಬಿಲ್ ತಂದ್ರು: ಒಂದು ಕಾಯಿನ್‌ಗೆ ಒಂದು ಡಾಲರ್ ಮೀಸಲು ಇರಲೇಬೇಕು, ಬರೀ ಅಲ್ಗಾರಿದಮ್ ನಂಬ್ಕೊಂಡ ಕಾಯಿನ್ ಬ್ಯಾನ್, ರಾಜ್ಯದ ಲೈಸೆನ್ಸ್ ಮೇಲೆ ಟ್ರಸ್ಟ್ ಕಂಪನಿಗಳು 10 ಬಿಲಿಯನ್ ಡಾಲರ್‌ವರೆಗೆ ಕಾಯಿನ್ ಹೊರಡಿಸಬಹುದು. ಮುಂದಿನ ವರ್ಷ ಟೆನೆಸ್ಸಿಯ ಬಿಲ್ ಹ್ಯಾಗರ್ಟಿ ತಂದ ಜೀನಿಯಸ್ ಆಕ್ಟ್‌ನಲ್ಲೂ ಅದೇ ಒಂದಕ್ಕೊಂದು ಮೀಸಲು, ಅದೇ 10 ಬಿಲಿಯನ್ ಗೆರೆ. ಲಮ್ಮಿಸ್ ಅದಕ್ಕೆ ಮೊದಲ ದಿನದಿಂದ ಸಹ ಪ್ರಾಯೋಜಕರು. ಜೂನ್ 17ಕ್ಕೆ ಸೆನೆಟ್‌ನಲ್ಲಿ 68-30, ಜುಲೈ 17ಕ್ಕೆ ಹೌಸ್‌ನಲ್ಲಿ 308-122, ಮಾರನೇ ದಿನ ಟ್ರಂಪ್ ಸಹಿ. ಮೀಸಲು ನಗದಲ್ಲೋ ಅಲ್ಪಾವಧಿಯ ಸರ್ಕಾರಿ ಬಾಂಡ್‌ನಲ್ಲೋ ಇರಬೇಕು, ತಿಂಗಳಿಗೊಮ್ಮೆ ಲೆಕ್ಕ ಹೊರಗೆ ಹಾಕಬೇಕು, ಕಾಯಿನ್ ಇಟ್ಕೊಂಡೋರಿಗೆ ಕಂಪನಿ ಬಡ್ಡಿ ಕೊಡಂಗಿಲ್ಲ. ಖಜಾಂಚಿ ಬುದ್ಧಿ ಅಂದೆನಲ್ಲ, ನೋಡಿ.

ಎಸ್‌ಎಬಿ 121 ಅಂತ ಕೇಳಿದ್ದೀನಿ, ಅದು?

2022ರ ಮಾರ್ಚ್‌ನಲ್ಲಿ ಎಸ್‌ಇಸಿ ಹೊರಡಿಸಿದ ಅಕೌಂಟಿಂಗ್ ಸೂಚನೆ. ಬ್ಯಾಂಕು ಗ್ರಾಹಕರ ಕ್ರಿಪ್ಟೋನ ಲಾಕರ್‌ನಲ್ಲಿ ಇಟ್ಕೊಂಡ್ರೂ ಅದನ್ನ ತನ್ನದೇ ಹೊಣೆ ಅಂತ ಬ್ಯಾಲೆನ್ಸ್ ಶೀಟ್‌ಗೆ ಬರೀಬೇಕು. ಬೇರೆಯವರ ಒಡವೆ ಕಾಯೋಕೆ ಕೊಟ್ರೆ ಅದನ್ನ ನನ್ನ ಸಾಲ ಅಂತ ಬರೆಸ್ಕೊಂಡಂಗೆ. ಬ್ಯಾಂಕುಗಳು ಈ ಉಸಾಬರಿನೇ ಬೇಡ ಅಂದ್ವು. ಇದನ್ನ ರದ್ದು ಮಾಡೋ ನಿರ್ಣಯ ಸೆನೆಟ್‌ನಲ್ಲಿ ತಂದಿದ್ದು ಲಮ್ಮಿಸ್, ಹೌಸ್‌ನಲ್ಲಿ ನೆಬ್ರಾಸ್ಕಾದ ಮೈಕ್ ಫ್ಲಡ್. 2024ರ ಮೇ 16ಕ್ಕೆ ಸೆನೆಟ್‌ನಲ್ಲಿ 60-38ರಲ್ಲಿ ಗೆದ್ದಿತು, ಡೆಮೋಕ್ರಾಟರೂ ಸುಮಾರು ಜನ ವೋಟ್ ಹಾಕಿದ್ರು, ಮೇ 31ಕ್ಕೆ ಬೈಡನ್ ವೀಟೋ. 2025ರ ಜನವರಿ 23ಕ್ಕೆ ಎಸ್‌ಇಸಿನೇ ವಾಪಸ್ ತಗೊಳ್ತು. ಅದೇ ದಿನ ಲಮ್ಮಿಸ್‌ರನ್ನ ಬ್ಯಾಂಕಿಂಗ್ ಕಮಿಟಿಯ ಹೊಸ ಡಿಜಿಟಲ್ ಅಸೆಟ್ಸ್ ಉಪಸಮಿತಿಗೆ ಮೊದಲ ಅಧ್ಯಕ್ಷೆ ಅಂತ ಘೋಷಿಸಿದ್ರು, ಹಬ್ಬದ ದಿನಾನೇ ಹುಟ್ಟುಹಬ್ಬ ಬಂದಂಗೆ.

ತೆರಿಗೆ ವಿಷಯದಲ್ಲಿ ಏನು ಕೇಳ್ತಿದ್ದಾರೆ? ಶ್ರೀಮಂತರಿಗೆ ಮಾಫಿನಾ?

ಅಮೆರಿಕದಲ್ಲಿ ತೆರಿಗೆ ಇಲಾಖೆ 2014ರಲ್ಲೇ ಹೇಳಿದೆ, ಕ್ರಿಪ್ಟೋ ದುಡ್ಡಲ್ಲ, ಆಸ್ತಿ. ಇದರ ಫಲ ಏನು ಅಂತ ಒಂದು ಲೆಕ್ಕದಲ್ಲಿ ನೋಡಿ. ಬಿಟ್‌ಕಾಯಿನ್ 20,000 ಡಾಲರ್ ಇದ್ದಾಗ ನೀವು ಸ್ವಲ್ಪ ತಗೊಂಡ್ರಿ. ಅದು 60,000 ಆದಾಗ 90 ಡಾಲರ್ ಶೂ ಕೊಂಡ್ರಿ, 0.0015 ಬಿಟ್‌ಕಾಯಿನ್ ಕೊಟ್ರಿ. ಆ ತುಣುಕು ನಿಮಗೆ ಬಿದ್ದಿದ್ದು 30 ಡಾಲರ್‌ಗೆ. ಅಂದ್ರೆ ಶೂ ಕೊಂಡ ಆ ಕ್ಷಣದಲ್ಲಿ ನಿಮಗೆ 60 ಡಾಲರ್ ಲಾಭ ಬಂತು ಅಂತ ಕಾನೂನು ಹೇಳುತ್ತೆ, ತಗೊಂಡ ತಾರೀಖು, ಕೊಟ್ಟ ತಾರೀಖು, ಅಸಲು ಬೆಲೆ ಎಲ್ಲಾ 8949 ನಂಬರ್ ಫಾರಂನಲ್ಲಿ ತುಂಬಬೇಕು. ದಿನಾ ಕಾಫಿ ಕುಡಿದ್ರೆ ದಿನಾ ಒಂದು ಸಾಲು. ಯಾರು ಬರೀತಾರೆ?

2022ರ ಬಿಲ್ಲಿನಲ್ಲಿ ಲಮ್ಮಿಸ್ ಒಂದು ವ್ಯವಹಾರಕ್ಕೆ 200 ಡಾಲರ್‌ವರೆಗೆ ವಿನಾಯ್ತಿ ಕೇಳಿದ್ರು. ಆ 200 ಆಕಾಶದಿಂದ ಬಿದ್ದಿದ್ದಲ್ಲ, ವಿದೇಶಕ್ಕೆ ಹೋದೋರು ಅಲ್ಲಿಯ ನೋಟು ಖರ್ಚು ಮಾಡಿದಾಗ ಆಗೋ ಚಿಲ್ಲರೆ ಲಾಭಕ್ಕೆ ಅಮೆರಿಕದ ಕಾನೂನು ಮೊದಲೇ ಕೊಟ್ಟಿರೋ ವಿನಾಯ್ತಿನೂ ಅಷ್ಟೇ. 2025ರ ಜುಲೈ 3ಕ್ಕೆ ತಂದ ಬೇರೆ ಬಿಲ್ಲಿನಲ್ಲಿ ಅದು 300 ಡಾಲರ್ ಆಯ್ತು, ವರ್ಷಕ್ಕೆ 5,000ದ ಮಿತಿ. ಮೈನಿಂಗ್, ಸ್ಟೇಕಿಂಗ್‌ನಿಂದ (ಕಾಯಿನ್ ಒತ್ತೆ ಇಟ್ಟು ಪ್ರತಿಫಲ ಪಡೆಯೋದು) ಸಿಕ್ಕ ಕಾಯಿನ್‌ಗೆ ಸಿಕ್ಕಿದಾಗಲ್ಲ, ಮಾರಿದಾಗ ತೆರಿಗೆ ಅಂತಾನೂ ಇದೆ. ಬೆಳೆ ಕೊಯ್ದ ದಿನ ಅಲ್ಲ, ಮಾರಿದ ದಿನ ಅನ್ನೋ ರೈತರ ಮಾತು ಇದು, ಎಲ್ಲಿಂದ ಬಂದವರು ಅಂತ ಗೊತ್ತಾಗುತ್ತೆ.

ಮಾಫಿ ಅನ್ನೋರಿಗೆ ಉತ್ತರ ಅದೇ ಬಿಲ್ಲಿನ ಇನ್ನೊಂದು ಕಲಂನಲ್ಲಿದೆ. ಷೇರನ್ನ ನಷ್ಟಕ್ಕೆ ಮಾರಿ 30 ದಿನದೊಳಗೆ ಮತ್ತೆ ಅದನ್ನೇ ಕೊಂಡ್ರೆ ಆ ನಷ್ಟ ತೆರಿಗೆ ಲೆಕ್ಕಕ್ಕೆ ಬರಲ್ಲ. ಕ್ರಿಪ್ಟೋಗೆ ಈ ರೂಲ್ ಇಲ್ಲ, ಬೆಳಿಗ್ಗೆ ಮಾರಿ ಮಧ್ಯಾಹ್ನ ಕೊಂಡು ನಷ್ಟ ತೋರಿಸೋ ಜಾಣರು ಬೇಕಾದಷ್ಟು ಜನ. ಲಮ್ಮಿಸ್ ಬಿಲ್ ಆ ಕಿಂಡಿ ಮುಚ್ಚುತ್ತೆ. ಹಂಗಾಗಿ ಕಾಂಗ್ರೆಸ್ಸಿನ ತೆರಿಗೆ ಲೆಕ್ಕದ ಸಮಿತಿ ಪ್ರಕಾರ 2034ರವರೆಗೆ ಸರ್ಕಾರಕ್ಕೆ ಹೋಗೋದಲ್ಲ, ಸುಮಾರು 600 ಮಿಲಿಯನ್ ಡಾಲರ್ ಬರೋದೇ. ಆದ್ರೂ ಆ ವರ್ಷದ ದೊಡ್ಡ ತೆರಿಗೆ ಬಿಲ್ಲಿನೊಳಗೆ ತೂರಿಸೋಕೆ ಆಗಲಿಲ್ಲ.

ಸರ್ಕಾರವೇ ಹತ್ತು ಲಕ್ಷ ಬಿಟ್‌ಕಾಯಿನ್ ಕೊಳ್ಳಬೇಕು ಅಂದಿದ್ದು ಇವರೇನಾ?

ಇವರೇ. 2024ರ ಜುಲೈ ಕೊನೆಗೆ ನ್ಯಾಶ್‌ವಿಲ್‌ನ ಬಿಟ್‌ಕಾಯಿನ್ ಸಮ್ಮೇಳನದಲ್ಲಿ ಹೇಳಿ, ಆ ವಾರದಲ್ಲೇ ಸೆನೆಟ್‌ನಲ್ಲಿ ಬಿಲ್ ಹಾಕಿದ್ರು, 2025ರ ಮಾರ್ಚ್ 11ಕ್ಕೆ ಮತ್ತೆ ಹಾಕಿದ್ರು. ವರ್ಷಕ್ಕೆ 2 ಲಕ್ಷದಂತೆ ಐದು ವರ್ಷ ಕೊಳ್ಳೋದು, ಒಟ್ಟು ಹತ್ತು ಲಕ್ಷ, ಅಂದ್ರೆ ಹುಟ್ಟಬಹುದಾದ ಎಲ್ಲಾ ಬಿಟ್‌ಕಾಯಿನ್‌ನ ಸುಮಾರು 5 ಪರ್ಸೆಂಟ್. ಕೊಂಡ ಮೇಲೆ ಕನಿಷ್ಠ 20 ವರ್ಷ ಮುಟ್ಟಂಗಿಲ್ಲ. ಮೂರು ತಿಂಗಳಿಗೊಮ್ಮೆ ಎಷ್ಟಿದೆ ಅಂತ ಸಾಬೀತು ಮಾಡಬೇಕು. ದೇಶದ ಸಾಲ ತೀರಿಸೋಕೆ ಇದು ಮುಂದೆ ದಾರಿಯಾಗುತ್ತೆ ಅನ್ನೋದು ಅವರ ಕನಸು. ವಯೋಮಿಂಗ್‌ನ ಮುಟ್ಟಬಾರದ ಹುಂಡಿಗೂ ಇದಕ್ಕೂ ಏನಾದ್ರೂ ವ್ಯತ್ಯಾಸ ಕಾಣ್ತಾ? ಕಲ್ಲಿದ್ದಲಿನ ಜಾಗದಲ್ಲಿ ಬಿಟ್‌ಕಾಯಿನ್, ಅಷ್ಟೇ.

ಅಷ್ಟು ದುಡ್ಡು ಎಲ್ಲಿಂದ?

ಇಲ್ಲಿದೆ ಕೈಚಳಕ. ಅಮೆರಿಕದ ಖಜಾನೆಯಲ್ಲಿ 26 ಕೋಟಿ ಔನ್ಸ್ ಚಿಲ್ಲರೆ ಚಿನ್ನ ಇದೆ. ಆದ್ರೆ ಪುಸ್ತಕದಲ್ಲಿ ಅದರ ಬೆಲೆ ಔನ್ಸಿಗೆ 42.22 ಡಾಲರ್, 1973ರಿಂದ ಹಂಗೇ ಬರ್ಕೊಂಡು ಬಂದಿದ್ದಾರೆ. ಒಟ್ಟು 11 ಬಿಲಿಯನ್. 2025ರಲ್ಲಿ ಚಿನ್ನ ಔನ್ಸಿಗೆ 3,000 ದಾಟಿದಾಗ ನಿಜವಾದ ಬೆಲೆ 780 ಬಿಲಿಯನ್ ಮೇಲಾಯ್ತು. ಈ ಚಿನ್ನದ ಲೆಕ್ಕಕ್ಕೆ ಫೆಡ್ ಹತ್ರ ಹಳೇ ಬೆಲೆಯ ಪತ್ರಗಳಿವೆ. ಅವನ್ನ ವಾಪಸ್ ತಗೊಂಡು ಇವತ್ತಿನ ಬೆಲೆಯ ಹೊಸ ಪತ್ರ ಕೊಡೋದು, ವ್ಯತ್ಯಾಸದ ದುಡ್ಡನ್ನ ಫೆಡ್ ಖಜಾನೆಗೆ ಹಾಕಬೇಕು, ಅದರಲ್ಲಿ ಬಿಟ್‌ಕಾಯಿನ್. ಚಿನ್ನ ಒಂದು ಚೂರೂ ಅಲುಗಾಡಲ್ಲ, ಸಾಲ ಎತ್ತಬೇಕಿಲ್ಲ, ತೆರಿಗೆ ಹಾಕಬೇಕಿಲ್ಲ.

ಕೇಳೋಕೆ ಚೆನ್ನಾಗಿದೆ, ಆದ್ರೆ ಫೆಡ್ ಆ ದುಡ್ಡನ್ನ ಹೊಸದಾಗೇ ಸೃಷ್ಟಿ ಮಾಡಬೇಕಲ್ವಾ? ಡಾಲರ್ ಬೆಲೆ ಕರಗುತ್ತೆ ಅಂತ ಬಿಟ್‌ಕಾಯಿನ್ ಕೊಳ್ಳಿ ಅನ್ನೋರು, ಅದನ್ನ ಕೊಳ್ಳೋಕೆ ಹೊಸ ಡಾಲರ್ ಹುಟ್ಟಿಸಿ ಅನ್ನೋದು ನನಗೆ ಇವತ್ತಿಗೂ ಅರಗಿಲ್ಲ. ಬಿಲ್ಲಿನಲ್ಲಿ ಇನ್ನೊಂದು ಮೂಲಾನೂ ಹೇಳಿದೆ, ಫೆಡ್ ಪ್ರತಿ ವರ್ಷ ಖಜಾನೆಗೆ ಕಟ್ಟೋ ಲಾಭದ ಪಾಲು. ಅದು 2022ರ ಶರತ್ಕಾಲದಿಂದಾನೇ ಹೆಚ್ಚುಕಮ್ಮಿ ನಿಂತಿತ್ತು, ಫೆಡ್ ಕೈಯಲ್ಲೇ ನಷ್ಟ, 2024ರ ಕೊನೆಗೆ ಆ ಬಾಕಿ 200 ಬಿಲಿಯನ್ ದಾಟಿತ್ತು.

ಟ್ರಂಪ್ ಆಗಲೇ ಬಿಟ್‌ಕಾಯಿನ್ ಮೀಸಲು ಮಾಡಿದ್ರಲ್ಲ, ಅದು ಇದೇ ತಾನೇ?

ಹೆಸರು ಒಂದೇ, ವಸ್ತು ಬೇರೆ. 2025ರ ಮಾರ್ಚ್ 6ರ ಆದೇಶ ಹೇಳೋದು, ಕೇಸುಗಳಲ್ಲಿ ಜಪ್ತಿ ಆಗಿ ಸರ್ಕಾರದ ಹತ್ರ ಇರೋ ಬಿಟ್‌ಕಾಯಿನ್ ಮಾರಬೇಡಿ, ಇಟ್ಕೊಳ್ಳಿ ಅಂತ. ಹೊಸದು ಕೊಳ್ಳೋದಾದ್ರೆ ಜನರ ತೆರಿಗೆ ದುಡ್ಡಿಗೆ ಭಾರ ಆಗಬಾರದು ಅಂತ ಷರತ್ತು. ಆದೇಶ ಅಂದ್ಮೇಲೆ ಮುಂದೆ ಬರೋ ಅಧ್ಯಕ್ಷರು ಒಂದು ಸಹಿಯಲ್ಲಿ ತೆಗೆದುಹಾಕಬಹುದು, ಅದಕ್ಕೇ ಲಮ್ಮಿಸ್ ಕಾನೂನೇ ಬೇಕು ಅಂತ ಹಟ ಹಿಡಿದಿದ್ದು.

ತಾನೇ ಬಿಟ್‌ಕಾಯಿನ್ ಇಟ್ಕೊಂಡು ಅದಕ್ಕೇ ಕಾನೂನು ಬರೆಯೋದು ಸರಿನಾ?

ಬೇಲಿನೇ ಎದ್ದು ಹೊಲ ಮೇಯ್ದಂಗೆ ಅಂತ ಬೈಯೋರು ಇದ್ದಾರೆ, ಬೈಯೋಕೆ ಕಾರಣಾನೂ ಇದೆ. ತನ್ನ ಹತ್ರ ಐದು ಬಿಟ್‌ಕಾಯಿನ್ ಇದೆ ಅಂತ 2021ರಲ್ಲಿ ಅವರೇ ಹೇಳಿದ್ರು, ಮುಚ್ಚಿಟ್ಟಿಲ್ಲ. ಆದ್ರೆ ಅದೇ ವರ್ಷ ಆಗಸ್ಟ್ 16ಕ್ಕೆ 50,001ರಿಂದ 1,00,000 ಡಾಲರ್ ನಡುವೆ ಇನ್ನಷ್ಟು ತಗೊಂಡ್ರು. ಕಾನೂನು ಪ್ರಕಾರ 45 ದಿನದೊಳಗೆ ಹೇಳಬೇಕು, ಹೇಳಿದ್ದು ಅಕ್ಟೋಬರ್‌ನಲ್ಲಿ, ಗಡುವು ಮುಗಿದ ಮೇಲೆ. ಫೈಲಿಂಗ್‌ನಲ್ಲಿ ಆದ ತಪ್ಪು ಅಂತ ಅವರ ಕಡೆಯವರ ಉತ್ತರ. ತಾರೀಖು ಇನ್ನೊಂದ್ಸಲ ನೋಡಿ, ತಿದ್ದುಪಡಿ ಬಿದ್ದಿದ್ದು ಆಗಸ್ಟ್ 9, ಕೊಂಡಿದ್ದು 16. ಕಾನೂನು ಮುರಿಯೋ ಉದ್ದೇಶ ಇತ್ತು ಅಂತ ನಾನು ಹೇಳಲ್ಲ, ಆದ್ರೆ ಆ ವಾರದಲ್ಲಿ ಬೇಡವಾಗಿತ್ತು.

ಹಂಗಾದ್ರೆ ಕ್ರಿಪ್ಟೋ ಕಂಪನಿ ಏನು ಮಾಡಿದ್ರೂ ಸುಮ್ನಿರ್ತಾರಾ?

ಇಲ್ಲ. ಇಸ್ರೇಲ್ ಮೇಲೆ ಹಮಾಸ್ ದಾಳಿ ಆಗಿ, ಉಗ್ರರಿಗೆ ಕ್ರಿಪ್ಟೋದಲ್ಲಿ ದುಡ್ಡು ಹೋಗ್ತಿದೆ ಅನ್ನೋ ಆರೋಪ ಎದ್ದ 2023ರ ಅಕ್ಟೋಬರ್‌ನಲ್ಲೇ ಹೌಸ್‌ನ ಫ್ರೆಂಚ್ ಹಿಲ್ ಜೊತೆ ಸೇರಿ ನ್ಯಾಯ ಇಲಾಖೆಗೆ ಪತ್ರ ಬರೆದ್ರು, ಬೈನಾನ್ಸ್ ಎಕ್ಸ್‌ಚೇಂಜ್ ಮೇಲೆ ಕೇಸ್ ಹಾಕೋ ಬಗ್ಗೆ ಬೇಗ ತೀರ್ಮಾನಕ್ಕೆ ಬನ್ನಿ, ಸ್ಟೇಬಲ್‌ಕಾಯಿನ್ ಕಂಪನಿ ಟೆದರ್ ತನಿಖೆ ಮಾಡಿ ಅಂತ, ಹೆಸರು ಹಿಡಿದು. ಇನ್ನೊಂದು ಕಡೆ 2024ರ ಮೇನಲ್ಲಿ ವೈಡನ್ ಜೊತೆ ಅದೇ ಇಲಾಖೆಗೆ ಬೇರೆ ಪತ್ರ, ಬೇರೆಯವರ ದುಡ್ಡು ಕೈಯಲ್ಲಿ ಹಿಡಿಯದ ಸಾಫ್ಟ್‌ವೇರ್ ಬರೆಯೋನನ್ನ ಹಣ ಸಾಗಿಸೋ ದಂಧೆ ಅಂತ ಹಿಡೀಬೇಡಿ ಅಂತ. ಎರಡೂ ಒಂದೇ ತರ್ಕ, ಯಾರ ಕೈಯಲ್ಲಿ ದುಡ್ಡಿದೆಯೋ ಅವನನ್ನ ಕೇಳಿ.

ಟ್ರಂಪ್ ಹೆಸರಿನ ಮೀಮ್‌ಕಾಯಿನ್ ಬಗ್ಗೆ ಬಾಯಿ ಬಿಟ್ರಾ?

ಬಿಟ್ರು, ಸ್ವಲ್ಪ. ಮೀಮ್‌ಕಾಯಿನ್ ಅಂದ್ರೆ ತಮಾಷೆಗೋ ಹೆಸರಿನ ಬಲದ ಮೇಲೋ ಓಡೋ ಕಾಯಿನ್. 2025ರ ಮೇನಲ್ಲಿ ಆ ಕಾಯಿನ್ ಜಾಸ್ತಿ ಇಟ್ಕೊಂಡೋರಿಗೆ ಟ್ರಂಪ್ ಜೊತೆ ಊಟ ಅಂತ ಆದಾಗ, ನಮ್ಮದೇ ಅಧ್ಯಕ್ಷರಾದ್ರೂ ಇದು ನನಗೆ ಅಳುಕು ತರುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅವರ ಪಕ್ಷದಲ್ಲಿ ಅಷ್ಟು ಹೇಳಿದೋರೇ ಕಮ್ಮಿ. 

ಈಗ ಮಾರುಕಟ್ಟೆ ಕಾನೂನು ಎಲ್ಲಿಗೆ ಬಂತು?

ಯಾವ ಕ್ರಿಪ್ಟೋ ಎಸ್‌ಇಸಿಗೆ, ಯಾವುದು ಸಿಎಫ್‌ಟಿಸಿಗೆ ಅಂತ ಗೆರೆ ಎಳೆಯೋ ಕ್ಲಾರಿಟಿ ಆಕ್ಟ್ ಅನ್ನೋ ಬಿಲ್ ಹೌಸ್‌ನಲ್ಲಿ 2025ರ ಜುಲೈ 17ಕ್ಕೆ 294-134ರಲ್ಲಿ ಪಾಸಾಯ್ತು. ಸೆನೆಟ್‌ನಲ್ಲಿ ಲಮ್ಮಿಸ್, ಬ್ಯಾಂಕಿಂಗ್ ಕಮಿಟಿ ಅಧ್ಯಕ್ಷ ಟಿಮ್ ಸ್ಕಾಟ್ ಗುಂಪು ಆ ತಿಂಗಳಲ್ಲೇ ತಮ್ಮದೇ ಕರಡು ಬಿಟ್ರು, ಆನ್ಸಿಲರಿ ಅಸೆಟ್ ಅದರಲ್ಲಿ ಮತ್ತೆ ಬಂತು. ಸೆಪ್ಟೆಂಬರ್ ಅಂದ್ರು, ವರ್ಷದ ಕೊನೆ ಅಂದ್ರು, 2026ರ ಜನವರಿಯಲ್ಲಿ ಬ್ಯಾಂಕಿಂಗ್ ಕಮಿಟಿ ವೋಟಿಗೆ ತರಬೇಕಿದ್ದ ಹಿಂದಿನ ದಿನ ಕಾಯಿನ್‌ಬೇಸ್ ನಮ್ಮ ಬೆಂಬಲ ಇಲ್ಲ ಅಂತು, ಅದನ್ನೂ ಮುಂದಕ್ಕೆ ಹಾಕಿದ್ರು. ಆಗಿನ ತಕರಾರು ಬಹುಮಟ್ಟಿಗೆ ಸ್ಟೇಬಲ್‌ಕಾಯಿನ್‌ಗೆ ಬಡ್ಡಿ ಥರ ಕೊಡೋ ರಿವಾರ್ಡ್‌ನದ್ದು. ಬ್ಯಾಂಕಿನೋರು ಕೊಡಬಾರದು ಅಂದ್ರು, ಎಕ್ಸ್‌ಚೇಂಜಿನೋರು ಕೊಡ್ತೀವಿ ಅಂದ್ರು.

ಮುಂದಿನ ಎಲೆಕ್ಷನ್‌ಗೆ ನಿಲ್ತಾರಾ?

ಇಲ್ಲ. 2025ರ ಡಿಸೆಂಬರ್ 19ಕ್ಕೆ ಹೇಳಿಬಿಟ್ರು, 2026ರಲ್ಲಿ ನಿಲ್ಲಲ್ಲ, ಇನ್ನೊಂದು ಆರು ವರ್ಷ ಓಡೋ ಶಕ್ತಿ ಇಲ್ಲ ಅಂತ. ಅವಧಿ ಮುಗಿಯೋದು 2027ರ ಜನವರಿ 3ಕ್ಕೆ. ಈಗಿನ ಕಾಂಗ್ರೆಸ್ ಮುಗಿಯೋದೂ ಅದೇ ದಿನ, ಅಷ್ಟರೊಳಗೆ ಪಾಸಾಗದ ಬಿಲ್ಲುಗಳೆಲ್ಲಾ ತಾವಾಗೇ ಸತ್ತುಹೋಗ್ತವೆ. 20 ವರ್ಷ ಮುಟ್ಟಬಾರದು ಅಂತ ಬರೆದ ಹತ್ತು ಲಕ್ಷ ಬಿಟ್‌ಕಾಯಿನ್ ಬಿಲ್ಲಿಗೂ ಅದೇ ಗಡುವು.